ಹೋಟೆಲ್ ಶೂಟ್ ಬಿಲ್ 52 ದಿನ ಆದ್ರೂ ಪಾಸ್ ಆಗ್ತಿಲ್ಲ, ಎಲ್ಲಿ ತಪ್ಪಿದೀನಿ ನೋಡಿ ಹೇಳ್ರಪ್ಪ

ಮಂಡಕ್ಕಿ_ಕ್ಲಿಕ್ (ದಾವಣಗೆರೆ):
ಎಲ್ರಿಗೂ ನಮಸ್ಕಾರ. ಮದ್ವೆ ಫೋಟೋ ಬಿಟ್ಟು ಫುಡ್ ಫೋಟೋಗ್ರಫಿಗೆ ಬಂದು ಒಂದ್ ವರ್ಷ ಆಯ್ತು, ಕ್ಯಾಮೆರಾ ಕೆಲ್ಸ ಬರುತ್ತೆ, ಬಿಲ್ ಮಾಡೋ ಕೆಲ್ಸ ಮಾತ್ರ ಬರ್ತಿಲ್ಲ. ನಮ್ಮೂರಲ್ಲೇ ಒಂದು ಹೋಟೆಲ್‌ನೋರು ಮೆನು ಕಾರ್ಡಿಗೆ, ಸ್ವಿಗ್ಗಿ ಜೊಮ್ಯಾಟೊಗೆ ಫೋಟೋ ಬೇಕು ಅಂದ್ರು, ಐಟಮ್ಮಿಗೆ 400 ಅಂತ ವಾಟ್ಸಾಪಲ್ಲಿ ಮಾತಾಯ್ತು, 20 ಐಟಂ ಅಂದಿದ್ರು. ಬೆಳಿಗ್ಗೆ 6ಕ್ಕೆ ಹೋದೆ, ಅದೂ ಒಂದಿರ್ಲಿ ಇದೂ ಒಂದಿರ್ಲಿ ಅಂತ ತಂದು ಇಟ್ಟಿದ್ದೇ ಇಟ್ಟಿದ್ದು, ಮಧ್ಯಾಹ್ನ 3ರ ಹೊತ್ತಿಗೆ 34 ಆಯ್ತು, ನಾನೂ ಸಂಕೋಚಕ್ಕೆ ಬಾಯ್ಬಿಡ್ಲಿಲ್ಲ. 34ಕ್ಕೆ 13,600, ಇಂಟರ್ನೆಟ್ಟಿಂದ ಇಳಿಸ್ಕೊಂಡ ಟೆಂಪ್ಲೇಟಲ್ಲಿ 18% ಜಿಎಸ್‌ಟಿ ಕಾಲಂ ಇತ್ತು ಅದೂ ಸೇರಿ 16,048 ಅಂತ ಬಿಲ್ ಕಳ್ಸಿದೆ. ಅಡ್ವಾನ್ಸ್ 2,000 ಬಂದಿದ್ದಷ್ಟೇ. ಫೋನ್ ಮಾಡಿದ್ರೆ ಯಜಮಾನ್ರು "ಅಕೌಂಟೆಂಟ್ ನೋಡ್ತಾರೆ" ಅಂತಾರೆ, ಅಕೌಂಟೆಂಟ್ "ಯಜಮಾನ್ರು ಹೇಳ್ಬೇಕು" ಅಂತಾರೆ. ಮೊನ್ನೆ ಹೋದಾಗ ಕಾಫಿ ಕೊಟ್ಟು ಕಳ್ಸಿದ್ರು. ಇದ್ರ ಮೇಲೆ ಅದೇ ಫೋಟೋನ ದೊಡ್ಡ ಫ್ಲೆಕ್ಸ್ ಮಾಡಿ ಪಿ.ಬಿ. ರೋಡಲ್ಲಿ ಕಟ್ಟಿದಾರೆ, ಅದಕ್ಕೆ ಬೇರೆ ಕಾಸು ಕೇಳ್ಬೋದಾ?

ಲೆಕ್ಕದ_ಪುಸ್ತಕ:
ಜಿಎಸ್‌ಟಿ ನಂಬರ್ ಐತಾ ನಿಮ್ಹತ್ರ?

ಮಂಡಕ್ಕಿ_ಕ್ಲಿಕ್:
ಇಲ್ಲ ಅಣ್ಣ. ವರ್ಷಕ್ಕೆ ಎಲ್ಲಾ ಸೇರಿ ನಾಲ್ಕೈದು ಲಕ್ಷ ಆದ್ರೆ ಹೆಚ್ಚು.

ಲೆಕ್ಕದ_ಪುಸ್ತಕ:
ಹಂಗಾದ್ರೆ ಬಿಲ್ ಅಲ್ಲೇ ಸಿಕ್ಕಾಕ್ಕೊಂಡಿರೋದು. ಸರ್ವಿಸ್ ಕೊಡೋರಿಗೆ ವರ್ಷಕ್ಕೆ 20 ಲಕ್ಷದ ವ್ಯವಹಾರ ದಾಟೋವರ್ಗೂ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಬೇಕಿಲ್ಲ, ಆದ್ರೆ ರಿಜಿಸ್ಟ್ರೇಷನ್ ಇಲ್ದೋರು ಜಿಎಸ್‌ಟಿ ಅಂತ ಒಂದು ರೂಪಾಯೀನೂ ವಸೂಲಿ ಮಾಡಂಗಿಲ್ಲ. ನಾನೂ ನಾಲ್ಕು ಅಂಗಡಿ ಲೆಕ್ಕ ಬರೆಯೋನೇ, ನಂಬರ್ ಇಲ್ದೆ ತೆರಿಗೆ ಹಾಕಿರೋ ಬಿಲ್ ಬಂದ್ರೆ ನಾನೂ ಟ್ರೇ ಕೆಳಗೆ ಇಡ್ತೀನಿ, ಯಾರತ್ರ ಜಗಳ ಆಡೋದು ಅಂತ. ಇನ್ನೊಂದು, ಹೋಟೆಲ್‌ನೋರು ಊಟದ ಮೇಲೆ 5% ಕಟ್ಟೋರಾದ್ರೆ ಅವ್ರಿಗೆ ಇನ್‌ಪುಟ್ ಕ್ರೆಡಿಟ್ಟೂ (ಕೊಂಡಿದ್ದಕ್ಕೆ ಕೊಟ್ಟ ಜಿಎಸ್‌ಟೀನ ತಾವು ಕಟ್ಟೋ ಜಿಎಸ್‌ಟೀಲಿ ಮುರ್ಕೊಳ್ಳೋದು) ಸಿಗಲ್ಲ, ಅಂದ್ರೆ ನೀವು ಹಾಕಿದ 2,448 ಪೂರ್ತಿ ಅವ್ರ ಗಲ್ಲಾಪೆಟ್ಟಿಗೆಯಿಂದ್ಲೇ ಹೋಗ್ಬೇಕು. ಯಾಕ್ ಕೊಡ್ತಾರೆ.

ಹಳೇ ಬಿಲ್ ರದ್ದು ಅಂತ ಒಂದ್ ಸಾಲು ಬರೆದು ತೆರಿಗೆ ಇಲ್ದೆ ಹೊಸದು ಕೊಡಿ. ಬೋರ್ಡ್ ಮೇಲಿರೋ ಹೋಟೆಲ್ ಹೆಸರು ಬೇಡ, ಅವ್ರ ಫರ್ಮಿನ ಹೆಸರು ಕೇಳ್ಕೊಂಡು ಅದನ್ನೇ ಹಾಕಿ, ಬಿಲ್ ನಂಬರ್, ತಾರೀಖು, ನಿಮ್ಮ ಪ್ಯಾನ್, ಅಕೌಂಟ್ ನಂಬರ್, ಐಎಫ್‌ಎಸ್‌ಸಿ, ಬಂದಿರೋ ಅಡ್ವಾನ್ಸ್ ಕಳೆದು ಬಾಕಿ ಎಷ್ಟು, ಯಾವತ್ತೊಳಗೆ ಕೊಡ್ಬೇಕು. ಮೊಬೈಲಲ್ಲಿ ಪಿಡಿಎಫ್ ಕಳ್ಸಿ ಸುಮ್ನಾಗ್ಬೇಡಿ, ಪ್ರಿಂಟ್ ತಗೊಂಡೋಗಿ ಅಕೌಂಟೆಂಟ್ ಟೇಬಲ್ ಮೇಲಿಟ್ಟು ಒಂದು ಕಾಪಿಗೆ ಸಹಿ ಹಾಕಿಸ್ಕೊಳ್ಳಿ.

ಕೋಟೆ_ಕ್ಯಾಮೆರಾ (ಚಿತ್ರದುರ್ಗ):
ಬಿಲ್ ಕತೆ ಅವ್ರು ಹೇಳಿದ್ರು. ನನಗೆ ಕಾಣ್ತಿರೋ ಮೂಲ ರೋಗ ಐಟಂ ರೇಟು. ಮಿರ್ಚಿ ಒಂದು ತಟ್ಟೆ ಇಟ್ರೆ ಐದು ನಿಮಿಷದಲ್ಲಿ ಮುಗೀತು, ಅದು ಎಲ್ಲೂ ಓಡೋಗಲ್ಲ. ಬೆಣ್ಣೆ ದೋಸೆ ತಗೊಳ್ಳಿ, ಹಂಚಿಂದ ತಟ್ಟೆಗೆ ಬಂದ ಮೇಲೆ ಬೆಣ್ಣೆ ಮುದ್ದೆ ಅಂಚು ಕರಗಿ ಮಿಂಚೋಕೆ ಶುರು ಆಗಿ ಪೂರ್ತಿ ಎಣ್ಣೆ ಥರ ಹರಿಯೋಕೆ ಮುಂಚೆ ಒಂದು ನಿಮಿಷಾನೂ ಸಿಗಲ್ಲ, ನಾನು ಮೊದ್ಲು ತಣ್ಣಗಾಗಿರೋ ದೋಸೆ ಇಟ್ಟು ಲೈಟು ಫೋಕಸ್ ಎಲ್ಲಾ ಸರಿ ಮಾಡ್ಕೊಂಡು ಆಮೇಲೆ ಬಿಸೀದು ಕೇಳ್ತೀನಿ, ಆದ್ರೂ ಒಂದು ಫೋಟೋಗೆ ಮೂರು ದೋಸೆ ಹೋಗುತ್ತೆ. ಖಾರ ಮಂಡಕ್ಕಿ ಇನ್ನೂ ಕಷ್ಟ, ಕಲಸಿ ಸ್ವಲ್ಪ ಹೊತ್ತಾದ್ರೆ ಈರುಳ್ಳಿ ನೀರಿಗೆ ಮೆತ್ತಗಾಗಿ ಕೂತ್ಬಿಡುತ್ತೆ. ಎರಡಕ್ಕೂ 400 ಅಂದ್ರೆ ಹೆಂಗೆ?

ನಂದು ಹೇಳ್ತೀನಿ. ಲೆನ್ಸ್ ಇಎಂಐ, ರೂಮ್ ಬಾಡಿಗೆ, ಎಡಿಟಿಂಗ್ ಸಾಫ್ಟ್‌ವೇರ್, ಪೆಟ್ರೋಲ್ ಸೇರಿ ತಿಂಗ್ಳಿಗೆ 22,000. ನಮ್ಮಂಥ ಊರಲ್ಲಿ ಆರು ಶೂಟ್ ಸಿಕ್ರೆ ಪುಣ್ಯ. ಅಂದ್ರೆ ಒಂದು ಶೂಟಿಗೆ 3,700 ಹತ್ರ ಖರ್ಚೇ, ನನ್ ಕೂಲಿ ಆಮೇಲೆ. ಅದಕ್ಕೆ ಅರ್ಧ ದಿನ ನಾಲ್ಕು ಗಂಟೆಗೆ 7,000, ಅದ್ರೊಳಗೆ 12 ಫೋಟೋ, ಮೇಲೆ ಗಂಟೆಗೆ 1,500 ಅಂತ ಬರೆದು ಕೊಡ್ತೀನಿ, ಅರ್ಧ ದುಡ್ಡು ಶೂಟಿಗೆ ಮುಂಚೆ. ನೀವು ಒಂಬತ್ತು ಗಂಟೆ ನಿಂತಿದೀರಿ, ಎಡಿಟ್ ಬೇರೆ.

ಮಂಡಕ್ಕಿ_ಕ್ಲಿಕ್:
ಅಕ್ಕ, ಎಡಿಟ್ ಎರಡು ದಿನ ಆಯ್ತು. ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯುತ್ತೆ. ಫ್ಲೆಕ್ಸ್ ವಿಷ್ಯ? ಫಾರಿನ್‌ನೋರ ವಿಡಿಯೋದಲ್ಲಿ ಫೋಟೋ ಹಕ್ಕು ತೆಗೆದೋರದ್ದೇ, ಬೇರೆ ಬೇರೆ ಬಳಕೆಗೆ ಬೇರೆ ಬೇರೆ ರೇಟು ಅಂತಾರಲ್ಲ.

ಕೋಟೆ_ಕ್ಯಾಮೆರಾ (ಚಿತ್ರದುರ್ಗ):
ಅದು ಅವ್ರೂರಿನ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 17 ಓದಿ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ದಿದ್ರೆ, ತೆಗೆಸಿದೋರೇ ಮೊದಲ ಮಾಲೀಕರು. ನೀವು ಬರೆದುಕೊಂಡಿಲ್ಲ. ಫ್ಲೆಕ್ಸ್ ಬಿಟ್ಬಿಡಿ. ಮುಂದಿನ ಸಲ ಕೊಟೇಶನ್ನಲ್ಲೇ ಹಕ್ಕು ನಂದೇ, ಮೆನು ಮತ್ತೆ ಆ್ಯಪಿಗೆ ಮಾತ್ರ, ಹೋರ್ಡಿಂಗಿಗೆ ಬೇರೆ ದರ ಅಂತ ಹಾಕಿ ಅವ್ರ ಸಹಿ ತಗೊಳ್ಳಿ.

ಲೈಟ್_ಮ್ಯಾನ್:
ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮದೋರಿಗೆ ಸರ್ಕಾರದ ನೋಂದಣಿ) ಮಾಡ್ಸಿ ಗುರು, ಫ್ರೀ. ಸಣ್ಣೋರ ಬಾಕಿ 45 ದಿನ ದಾಟಿದ್ರೆ ಬಡ್ಡಿ ಕೇಳ್ಬೋದು, ರಿಸರ್ವ್ ಬ್ಯಾಂಕ್ ಗೊತ್ತು ಮಾಡೋ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ಚಕ್ರಬಡ್ಡಿ.

ಲೆಕ್ಕದ_ಪುಸ್ತಕ:
ನಿಜ, ಬರವಣಿಗೇಲಿ ಒಪ್ಪಂದ ಇಲ್ದಿದ್ರೆ 15 ದಿನಾನೇ. ಆದ್ರೆ ಈಗ ಮಾಡ್ಸಿದ್ದು ಮುಂದಿನ ಕೆಲ್ಸಕ್ಕೆ ಅಂದ್ಕೊಳ್ಳಿ, ಈ ಬಿಲ್ಲಿಗೆ ಅದನ್ನ ನಂಬ್ಕೊಂಡು ಕೂರ್ಬೇಡಿ. 11,600 ಬಾಕಿಗೆ ಊರಲ್ಲಿ ಕಾಗದ ಹಿಡ್ಕೊಂಡು ಓಡಾಡೋ ಬದ್ಲು ಎದುರಿಗೆ ಕೂತು ಮಾತಾಡಿ.

ಮಂಡಕ್ಕಿ_ಕ್ಲಿಕ್:
ಅಪ್ಡೇಟ್. ಹೊಸ ಬಿಲ್ ಪ್ರಿಂಟ್ ತಗೊಂಡೋಗಿದ್ದೆ. ಅಕೌಂಟೆಂಟ್ ನೋಡಿ "ಇದನ್ನ ಮೊದ್ಲೇ ಕೊಟ್ಟಿದ್ರೆ ಆವಾಗ್ಲೇ ಹಾಕ್ತಿದ್ದೆ ಕಣ್ರೀ" ಅಂದ, ಎರಡು ತಿಂಗ್ಳು ಬಾಯ್ಮಾತಲ್ಲಿ ಇದನ್ನ ಹೇಳ್ಲಿಲ್ಲ ಪುಣ್ಯಾತ್ಮ. ಯಜಮಾನ್ರು ಚಟ್ನಿ, ಪಲ್ಯ, ಸಾಂಬಾರು, ಬೆಣ್ಣೆ ಬಟ್ಲು ಬಿಡಿಬಿಡಿಯಾಗಿ ತೆಗೆದಿದ್ದು ಐಟಂ ಅಲ್ಲ ಅಂತ ನಾಲ್ಕು ಹೊಡೆದುಹಾಕಿದ್ರು. 30ಕ್ಕೆ 12,000, ಅಡ್ವಾನ್ಸ್ ಕಳೆದು 10,000 ಅಲ್ಲೇ ಫೋನ್‌ಪೇ ಮಾಡಿದ್ರು. ಒಪ್ಕೊಂಡೆ, ಐಟಂ ಅಂದ್ರೆ ಏನು ಅಂತ ನಾನೇ ಬರೆದಿರ್ಲಿಲ್ಲ.

ಹೊರಡ್ಬೇಕಾದ್ರೆ ಇನ್ನೊಂದು ಬ್ರಾಂಚಿಗೂ ಬನ್ನಿ ಅಂದ್ರು. ಅಕ್ಕ ಹೇಳಿದಂಗೆ ಗಂಟೆ ಲೆಕ್ಕ, ಅರ್ಧ ಅಡ್ವಾನ್ಸ್, ಫ್ಲೆಕ್ಸಿಗೆ ಬೇರೆ ದರ ಎಲ್ಲಾ ಹಾಕಿ ರಾತ್ರಿನೇ ಕೊಟೇಶನ್ ಕಳ್ಸಿದೀನಿ. ನೀಲಿ ಟಿಕ್ ಬಿದ್ದು ಮೂರು ದಿನ ಆಯ್ತು, ಉತ್ರ ಇನ್ನೂ ಬಂದಿಲ್ಲ.