ಅಪ್‌ಡೇಟ್: ಪೈಥಾನ್‌ಗೆ ಪೋಸ್ಟ್‌ಗ್ರೆಸ್ ಡ್ರೈವರ್ ಕೊನೆಗೂ ಕೂತಿತು

ಉಬುಂಟುನಲ್ಲಿ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕೋ ಟೂಲ್) ಸೈಕೋಪಿಜಿ2, ಅಂದರೆ ಪೈಥಾನ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸೋಕೆ ಬೇಕಾದ ಡ್ರೈವರ್, ಹಾಕಲು ಹೋದರೆ ಪಿಜಿ_ಕಾನ್ಫಿಗ್ (ಪೋಸ್ಟ್‌ಗ್ರೆಸ್ ಫೈಲ್‌ಗಳು ಎಲ್ಲಿವೆ ಅಂತ ಹೇಳೋ ಪ್ರೋಗ್ರಾಂ) ಇಲ್ಲ ಅಂತ ಎರರ್ ಬರ್ತಿದೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ನೀವು ಹೇಳಿದ ಹಾಗೆ ಪಿಜಿ_ಕಾನ್ಫಿಗ್ ಇರೋ ಲಿಬ್‌ಪಿಕ್ಯೂ-ಡೆವ್ ಪ್ಯಾಕೇಜ್ ಹಾಕಿದೆ, ಅಷ್ಟೇ. ಡ್ರೈವರ್ ಕಂಪೈಲ್ ಮಾಡೋಕೆ ಬೇಕಾದ ಜಿಸಿಸಿ, ಪೈಥಾನ್3-ಡೆವ್ ಮೊದಲೇ ಇದ್ದವು. ಮೊದಲೇ ಕಂಪೈಲ್ ಆಗಿರೋ ಬೈನರಿ ಪ್ಯಾಕೇಜ್ ಹಾಕಿದ್ದರೆ ಇಷ್ಟು ಒದ್ದಾಟವೇ ಇರ್ತಿರಲಿಲ್ಲ ಬಿಡಿ.

ನಿಜವಾದ ಮಜಾ ಆಮೇಲೆ. ವಿಜಯಪುರದಲ್ಲಿ ನಮ್ಮ ಮಾವಂದು ಒಣದ್ರಾಕ್ಷಿ ವ್ಯಾಪಾರ, ಅದರ ಸ್ಟಾಕ್ ಲೆಕ್ಕಕ್ಕೇ ಇದೆಲ್ಲ. ಟೆಸ್ಟ್‌ಗೆ ‘ಒಣದ್ರಾಕ್ಷಿ, 15 ಕೆಜಿ’ ಅಂತ ಒಂದು ಸಾಲು ಇನ್ಸರ್ಟ್ ಮಾಡಿದೆ, ಎರರ್ ಇಲ್ಲ, ಅದೇ ಸ್ಕ್ರಿಪ್ಟ್‌ನಲ್ಲಿ ಸೆಲೆಕ್ಟ್ ಮಾಡಿದರೆ ಕನ್ನಡ ಅಕ್ಷರ ಚೆನ್ನಾಗೇ ಕಾಣುತ್ತೆ, ಆದರೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್-ಲೈನ್ ಟೂಲ್) ತೆಗೆದು ನೋಡಿದರೆ ಟೇಬಲ್ ಖಾಲಿ! ಎರಡು ತಾಸು ಸುಮ್ನೆ ಪಾಸ್‌ವರ್ಡ್, ಪೋರ್ಟ್ 5432 ಅಂತ ತಡಕಾಡಿದೆ. ಕೊನೆಗೆ ನೋಡಿದರೆ ಕಾಮಿಟ್ಟೇ ಮಾಡಿಲ್ಲ, ಅಂದರೆ ಬದಲಾವಣೆಯನ್ನ ಡೇಟಾಬೇಸ್‌ನಲ್ಲಿ ಪಕ್ಕಾ ಮಾಡೇ ಇಲ್ಲ. ಈ ಡ್ರೈವರ್‌ನಲ್ಲಿ ಆಟೋಕಾಮಿಟ್ ಮೊದಲಿಂದಲೇ ಆಫ್ ಇರುತ್ತೆ. ಸ್ಕ್ರಿಪ್ಟ್‌ಗೆ ಕಾಮಿಟ್ ಮಾಡೋ ಆ ಒಂದು ಸಾಲು ಕೋಡ್ ಸೇರಿಸಿದೆ, ಟೇಬಲ್‌ಗೆ ದ್ರಾಕ್ಷಿ ಬಂತು.