ಪ್ರಬಂಧದ ಪೀಠಿಕೆಯಲ್ಲಿ ಮಕ್ಕಳು ತಮ್ಮ ಮಾತು ಹೇಳುವಂತೆ ಮಾಡುವುದು ಹೇಗೆ?

ಕನ್ನಡ ಟೀಚರ್ (7 ಮತ್ತು 8ನೇ ತರಗತಿ):
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಅಡಿಗೆರೆ ಎಳೆದು ಮಕ್ಕಳು ಅಚ್ಚುಕಟ್ಟಾಗಿ ಪ್ರಬಂಧ ಬರೆಯುತ್ತಾರೆ. ಆದರೆ ಪುಟ ಪೂರ್ತಿ ಓದಿದರೂ ಆ ಮಗುವಿನ ಅಭಿಪ್ರಾಯ ಏನು ಅಂತ ಗೊತ್ತಾಗುವುದಿಲ್ಲ. ‘ಪ್ಲಾಸ್ಟಿಕ್ ಮುಕ್ತ ಪರಿಸರ’ ಕೊಟ್ಟಿದ್ದೆ. ಮುಕ್ಕಾಲು ಪಾಲು ಮಕ್ಕಳು “ಇಂದಿನ ಆಧುನಿಕ ಯುಗದಲ್ಲಿ ಪ್ಲಾಸ್ಟಿಕ್ ಒಂದು ದೊಡ್ಡ ಸಮಸ್ಯೆಯಾಗಿದೆ” ಅಂತಲೇ ಶುರು ಮಾಡಿದ್ದಾರೆ. ಗೈಡ್‌ನಲ್ಲೂ ಅದೇ ಇದೆ. ಥೀಸಿಸ್ ಸ್ಟೇಟ್‌ಮೆಂಟ್, ಅಂದರೆ ಇಡೀ ಪ್ರಬಂಧದ ಮುಖ್ಯ ವಾದವನ್ನು ಒಂದೇ ವಾಕ್ಯದಲ್ಲಿ ಹೇಳುವುದನ್ನು ಕಲಿಸಿ ಅಂತ ಇಂಗ್ಲಿಷ್ ಮೇಡಂ ಹೇಳುತ್ತಾರೆ. ಈ ವಯಸ್ಸಿನವರಿಗೆ ಅದನ್ನು ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮೇಷ್ಟ್ರು:
ಮೇಡಂ, ಮೊದಲು ನಾವು ಕೊಡುವ ವಿಷಯಗಳನ್ನೇ ನೋಡಿ. ‘ಗ್ರಂಥಾಲಯದ ಮಹತ್ವ’, ‘ಸ್ವಚ್ಛತೆಯ ಅಗತ್ಯ’. ಮಹತ್ವ ಇದೆ ಅಂತ ತಲೆಬರಹವೇ ತೀರ್ಮಾನ ಕೊಟ್ಟಾಯಿತು. ಮಗು ಇನ್ನೇನು ಹೇಳಬೇಕು? ಸುಮ್ನೆ ಹೊಗಳಬೇಕು, ಅಷ್ಟೇ. ಅದಕ್ಕೇ ನಾನು ವಿಷಯವನ್ನು ಪ್ರಶ್ನೆ ಮಾಡಿ ಕೊಡುತ್ತಿದ್ದೆ.

ನಿಮ್ಮ ಪ್ಲಾಸ್ಟಿಕ್ಕನ್ನೇ ತಗೊಳ್ಳಿ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧವಿದೆ. ಸಂತೆಯಲ್ಲಿ ಸೊಪ್ಪು ಈಗಲೂ ತೆಳು ಕವರಿನಲ್ಲೇ ಸಿಗುತ್ತದೆ, ಅಲ್ವಾ? “ನಮ್ಮೂರ ಸಂತೆಯಿಂದ ಕವರ್ ಹೋಗಬೇಕಾದರೆ ಏನು ಮಾಡಬೇಕು?” ಅಂತ ನಾನು ಎಂಟನೇ ತರಗತಿಗೆ ಕೊಟ್ಟಿದ್ದೆ.

ಒಬ್ಬ ಹುಡುಗ “ಪ್ಲಾಸ್ಟಿಕ್ ಕೆಟ್ಟದ್ದು” ಅಂತ ಬರೆದ. ಬೋರ್ಡ್ ಮೇಲೆ ಹಾಕಿ, “ಇದನ್ನು ಒಪ್ಪದವರು ಯಾರು?” ಅಂದೆ. ಯಾರೂ ಕೈ ಎತ್ತಲಿಲ್ಲ. ಹಾಗಾದರೆ ಇದರಲ್ಲಿ ವಾದವೇ ಇಲ್ಲ ಅಂದೆ. ಅವನು ತಿದ್ದಿದ: “ಅಂಗಡಿಯವರು ಕವರ್ ಕೊಡಬಾರದು.” ತಕ್ಷಣ ಹಿಂದಿನ ಬೆಂಚಿನ ಹುಡುಗಿ ಎದ್ದಳು. ಅವರಮ್ಮ ತರಕಾರಿ ಮಾರುತ್ತಾರೆ. “ನಾವು ಕೊಡದಿದ್ದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾರೆ ಸಾರ್.” ಆಮೇಲೆ ಇಬ್ಬರೂ ಕೂತು ಬರೆದದ್ದು ಇದು: “ಒಬ್ಬರೇ ಕವರ್ ನಿಲ್ಲಿಸಿದರೆ ಅವರ ವ್ಯಾಪಾರ ಕೆಡುತ್ತದೆ, ಆದ್ದರಿಂದ ಇಡೀ ಸಂತೆ ಒಂದೇ ದಿನ ನಿಲ್ಲಿಸಬೇಕು.”

ನೋಡಿ, ಮುಂದೆ ಬರೆಯಬೇಕಾದ್ದೆಲ್ಲ ಈ ಒಂದು ವಾಕ್ಯದಲ್ಲೇ ಇದೆ. ಒಬ್ಬರೇ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ಯಾರಾ. ಎಲ್ಲರನ್ನೂ ಒಪ್ಪಿಸುವವರು ಯಾರು, ಪಂಚಾಯಿತಿಯಾ ವ್ಯಾಪಾರಿಗಳೇನಾ, ಅದಕ್ಕೊಂದು. ಕವರ್ ಬದಲು ಏನು ಅನ್ನುವುದಕ್ಕೆ ಇನ್ನೊಂದು. ಆ ಹುಡುಗಿಯ ಮಾತು ಯಾವ ಗೈಡ್‌ನಲ್ಲೂ ಸಿಗುವುದಿಲ್ಲ ಮೇಡಂ.

ಹೈಸ್ಕೂಲ್ ಕನ್ನಡ:
ಮೇಷ್ಟ್ರು ಹೇಳಿದ್ದು ಸರಿ. ನನ್ನದೂ ಒಂದು ಸೇರಿಸುತ್ತೇನೆ. ಮಕ್ಕಳ ನಿಜವಾದ ಅಭಿಪ್ರಾಯ ಎಷ್ಟೋ ಸಲ ಉಪಸಂಹಾರದಲ್ಲಿ ಅಡಗಿರುತ್ತದೆ. ಬರೀತಾ ಬರೀತಾ ತಾನೇ ಯೋಚನೆ ತಿಳಿಯಾಗುವುದು? ಮೊದಲ ಕರಡಿನ ಕೊನೆಯ ನಾಲ್ಕು ಸಾಲಿನಲ್ಲಿ ಗಟ್ಟಿ ವಾಕ್ಯ ಹುಡುಕಿಸಿ, ಅದನ್ನು ಪೀಠಿಕೆಯ ಕೊನೆಗೆ ತರಿಸಿ. ಮೊದಲೇ ವಾದ ಬರಿ ಅಂದರೆ ಪೆನ್ನು ಕಚ್ಚುತ್ತಾ ಕೂರುತ್ತಾರೆ.

ಕನ್ನಡ ಟೀಚರ್:
ತುಂಬಾ ಉಪಕಾರವಾಯಿತು ಸರ್. ಒಂದೇ ಭಯ. ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ‘ಮಹತ್ವ’ದ ವಿಷಯವೇ ಬಂದರೆ ಮಕ್ಕಳು ಗಲಿಬಿಲಿ ಆಗುವುದಿಲ್ಲವೇ?

ಹೈಸ್ಕೂಲ್ ಕನ್ನಡ:
ಆಗುವುದಿಲ್ಲ ಮೇಡಂ. ಮೂರು ಭಾಗ ಹಾಗೇ ಇರಲಿ, ಬದಲಾಗುವುದು ಪೀಠಿಕೆಯ ಕೊನೆಯ ಸಾಲು ಮಾತ್ರ. ‘ಗ್ರಂಥಾಲಯದ ಮಹತ್ವ’ ಬಂದರೆ “ಬೀರುವಿಗೆ ಬೀಗ ಹಾಕಿಟ್ಟ ಪುಸ್ತಕದಿಂದ ಉಪಯೋಗವಿಲ್ಲ, ಮಕ್ಕಳು ಮನೆಗೆ ಒಯ್ದು ಓದಿದರೇ ಗ್ರಂಥಾಲಯಕ್ಕೆ ಬೆಲೆ” ಅಂತ ಬರೆಯಬಹುದು. ವಿಷಯ ಬಿಟ್ಟು ಹೋದ ಹಾಗೂ ಆಗಲಿಲ್ಲ.

ನಿವೃತ್ತ ಮೇಷ್ಟ್ರು:
ಶುರುವಿಗೆ ಬಿಸಿಯೂಟದ ವಿಷಯ ಕೊಡಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ, ಯಾವುದು ಕೊಡಬೇಕು, ಯಾಕೆ? ದಿನಾ ಅಲ್ಲೇ ಕೂತು ಉಣ್ಣುವ ಮಕ್ಕಳು. ‘ಯಾಕೆ’ ಅನ್ನುವುದಕ್ಕೆ ಉತ್ತರ ಅವರಲ್ಲೇ ಇರುತ್ತದೆ. ಮೊದಲು ಬಾಯಲ್ಲಿ ಜಗಳ ಆಡಲಿ, ಆಮೇಲೆ ಬರೆಯಲಿ.