ಅಪ್‌ಡೇಟ್: ಲ್ಯಾಬ್ರಡಾರ್ ಕ್ರಾಸಿಂಗ್‌ಗೆ ಮುಂಚಿನ ತಪಾಸಣೆ

ಮಂಡ್ಯದ ನಮ್ಮ ಎರಡೂವರೆ ವರ್ಷದ ಲ್ಯಾಬ್ರಡಾರ್ ಹೆಣ್ಣು ನಾಯಿಗೆ ಕ್ರಾಸಿಂಗ್ (ಮರಿಗಾಗಿ ಗಂಡಿನ ಜೊತೆ ಕೂಡಿಸುವುದು) ಮುಂಚೆ ಯಾವ ಪರೀಕ್ಷೆ ಬೇಕು ಎಂದು ಕೇಳಿದ್ದೆ. ಸೊಂಟದ ಕೀಲು ಸಡಿಲವಿದೆಯೇ ಎಂದು ನೋಡುವ ಎಕ್ಸ್‌ರೇ ಮೈಸೂರಿನಲ್ಲಿ ಆಯಿತು. ಮಂಪರು ಬರಿಸಿ, ಅಂಗಾತ ಮಲಗಿಸಿ, ಹಿಂಗಾಲೆರಡನ್ನೂ ಸಮಾನಾಂತರವಾಗಿ ಎಳೆದು, ಮಂಡಿಗಳನ್ನು ಒಳಕ್ಕೆ ತಿರುಗಿಸಿ ತೆಗೆಯಬೇಕು. ಸೊಂಟ ಓರೆಯಾಗಿದ್ದರೆ ಚೆನ್ನಾಗಿರುವ ಕೀಲೂ ಸಡಿಲವಾಗಿ ಕಾಣುತ್ತದೆ. ಅಂಥ ಫಿಲ್ಮ್ ಇಟ್ಟುಕೊಂಡು ವಾದ ಮಾಡಿ ಪ್ರಯೋಜನವಿಲ್ಲ, ಮತ್ತೆ ತೆಗೆಸಿ. ಬೆದೆಯ ಸಮಯದಲ್ಲಂತೂ ಬೇಡ, ಹಾರ್ಮೋನಿನಿಂದ ಕೀಲು ಸಡಿಲಾಗಬಹುದು.

ಬ್ರೂಸೆಲ್ಲಾ (ಗರ್ಭಪಾತ ಮಾಡಿಸುವ, ಕೂಡುವಾಗ ಹರಡುವ ಬ್ಯಾಕ್ಟೀರಿಯಾ) ರಕ್ತಪರೀಕ್ಷೆ ಗಂಡಿಗೂ ಆಗಲೇಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ, ಮನುಷ್ಯರಿಗೂ ಹರಡುವ ರೋಗ. ಸೋಂಕಿನ ಮೊದಲ ವಾರಗಳಲ್ಲಿ ನೆಗೆಟಿವ್ ಬರಬಹುದು, ಹಾಗಾಗಿ ಅನುಮಾನವಿದ್ದರೆ ತಿಂಗಳ ನಂತರ ಮತ್ತೊಮ್ಮೆ.

ಕಣ್ಣಿನ ಪಿಆರ್‌ಎ (ವಂಶದಿಂದ ಬರುವ, ನಿಧಾನವಾಗಿ ಕುರುಡು ಮಾಡುವ ಕಾಯಿಲೆ) ಡಿಎನ್‌ಎ ಪರೀಕ್ಷೆಯಲ್ಲಿ ಇವಳು ಕ್ಯಾರಿಯರ್, ಅಂದರೆ ದೋಷದ ಜೀನ್‌ನ ಒಂದೇ ಪ್ರತಿ ಇದೆ, ಇವಳಿಗೆ ಆ ಕಾಯಿಲೆ ಬರುವುದಿಲ್ಲ. ಕ್ಲಿಯರ್ (ಆ ದೋಷದ ಜೀನ್ ಇಲ್ಲದ) ಗಂಡೇ ಬೇಕು. ಆಗ ಮರಿಗಳಿಗೆ ಆ ಕುರುಡು ಬರುವುದಿಲ್ಲ, ಸರಾಸರಿ ಅರ್ಧದಷ್ಟು ಮಾತ್ರ ಕ್ಯಾರಿಯರ್.